ಕಿಸೆ ಇದ್ದ ಚೀಲ

ನಮ್ಮ ಮಾಮಾ ಸತ್ತವರ ಮನೆಗೆ ಹೋದರೆ ಮೊದಲು ನೋಡುತ್ತಿದ್ದದ್ದು ಹೆಣದ ಮುಖವನ್ನಲ್ಲ, ಗೋಡೆಯ ಗೂಟಕ್ಕೆ ತೂಗಿದ್ದ ಅವರ ಬಟ್ಟೆಗಳನ್ನು! ಉತ್ಪ್ರೇಕ್ಷೆ ಎನ್ನಬೇಡಿ, ಪಕ್ಕದಲ್ಲಿ ನಿಂತು ಕಣ್ಣಾರೆ ಕಂಡವಳು ನಾನು. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿರುವಾಗ ಈ ಮನುಷ್ಯ ಬಾಗಿಲ ಮೂಲೆಯಲ್ಲಿ ನಿಂತು, ಕತ್ತು ವಾಲಿಸಿ, ಒಂದೊಂದು ಸೀರೆಯನ್ನೂ ಕಣ್ಣಲ್ಲೇ ಅಳೆಯುತ್ತಿದ್ದ. ನೋಡಿದವರು, ಪಾಪ, ದುಃಖಕ್ಕೆ ಮಾತೇ ಹೊರಡದಾಗಿದೆ ಎಂದು ಅವನ ಬೆನ್ನು ಸವರುತ್ತಿದ್ದರು. ಮಣ್ಣು ಮುಗಿಸಿ ಹೊರಬಿದ್ದ ಮೇಲೆ ಅವನು ನನ್ನ ಕಿವಿಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: “ಕಾಟನ್ ಚಲೋ ಇತ್ತು ಯವ್ವಾ.”

ದರ್ಜಿಯ ಚಟ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಮಾಮಾ ನನ್ನ ತಾಯಿಯ ತಮ್ಮ. ಹುಟ್ಟಿದ್ದು ತುಂಗಭದ್ರೆಯ ದಂಡೆಯ ಮೇಡ್ಲೇರಿಯಲ್ಲಿ, ಹೊಟ್ಟೆಪಾಡು ರಾಣೆಬೆನ್ನೂರಿನಲ್ಲಿ. ಪೇಟೆಯ ಹಿಂದಿನ ಓಣಿಯಲ್ಲಿ ಮನೆ, ಮನೆಯ ಮುಂದಿನ ಖೋಲಿಯಲ್ಲಿ ತುಳಿಯುವ ಹೊಲಿಗೆ ಮಷಿನ್ನು. ಊರಿನ ಅರ್ಧ ಹೆಂಗಸರ ಕುಪ್ಪಸದ ಅಳತೆ ಅವನ ತಲೆಯಲ್ಲಿತ್ತು. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಇವನಿಗೆ ತಿಳಿಯುತ್ತಿತ್ತು. ಮಕ್ಕಳಿರಲಿಲ್ಲ. ಆ ಲೆಕ್ಕದಲ್ಲಿ ಮಗಳು ಎಂದರೂ ನಾನೇ, ಬೈಯುವ ಹಕ್ಕಿದ್ದವಳೂ ನಾನೇ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಮಾಮಾನ ಹೆಂಡತಿ, ನಮ್ಮ ಅತ್ತೆ, ತೀರಿಕೊಂಡಳು. ನಮ್ಮ ಕಡೆ ಸತ್ತವರ ಬಟ್ಟೆ, ಹಾಸಿಗೆ, ದಿಂಬು ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ಗಂಟು ಕಟ್ಟಿ ಹೊಳೆಗೆ ಬಿಡುತ್ತಾರೆ. ಅತ್ತೆಯದನ್ನೂ ಹಾಗೆಯೇ ಬಿಟ್ಟೆವು. ಮೂರನೆಯ ದಿನ ಟೆಂಪೋ ಮಾಡಿಕೊಂಡು ಮೇಡ್ಲೇರಿಗೆ ಹೋದೆವು. ಗಂಟು ನನ್ನ ತೊಡೆಯ ಮೇಲಿತ್ತು, ಹೊಳೆಗೆ ಎಸೆದವಳೂ ನಾನೇ. ದೂರ ಹೋಗಲಿ ಎಂದು ಇದ್ದ ಬದ್ದ ಶಕ್ತಿಯನ್ನೆಲ್ಲ ತೋಳಿಗೆ ತಂದುಕೊಂಡು ಎಸೆದೆ. ಮಾಮಾ ಟೆಂಪೋದಿಂದ ಇಳಿಯಲಿಲ್ಲ.

ಅದಾದ ಕೆಲವು ತಿಂಗಳಿಗೆ ಅವನ ತಲೆ ಕೆಟ್ಟಿತು ಎಂಬುದು ನಮ್ಮ ಮನೆಯವರೆಲ್ಲರ ಒಮ್ಮತದ ತೀರ್ಮಾನ. ಮೊದಲು ಹಿಡಿದದ್ದು ನೀರಿನ ಹುಚ್ಚು. ಓಣಿಯ ನಳಗಳಿಗೆ ಆಗ ನೀರು ನಿಲ್ಲಿಸುವ ತಿರುವು ಎಂಬುದೇ ಇರುತ್ತಿರಲಿಲ್ಲ. ನೀರು ಬಿಟ್ಟ ದಿನ ಎಲ್ಲರ ಕೊಡ ತುಂಬಿದ ಮೇಲೂ ಅದು ಗಟಾರಕ್ಕೆ ಸುರಿಯುತ್ತಲೇ ಇರುತ್ತಿತ್ತು. ಮಾಮಾ ಕಾಳು ಬಿಡಿಸಿದ ಗೋವಿನಜೋಳದ ತೆನೆಯನ್ನು ತುಂಡು ಮಾಡಿ, ಬಟ್ಟೆ ಸುತ್ತಿ, ಬಿರಡೆ ತಯಾರಿಸಿದ. ಅಂಗಿಯ ಕಿಸೆಯಲ್ಲಿ ಯಾವಾಗಲೂ ನಾಲ್ಕೈದು. ಎಲ್ಲಿ ನಳ ಸುರಿಯುವುದು ಕಂಡರೂ ಸೈಕಲ್ ನಿಲ್ಲಿಸಿ ತುರುಕಿ ಮುಂದೆ ಹೋಗುತ್ತಿದ್ದ. ಒಂದು ಮದುವೆಯಲ್ಲಿ ಊಟದ ಪಂಕ್ತಿ ಏಳುವ ಹೊತ್ತಿಗೆ ಸರಿಯಾಗಿ ಕೈ ತೊಳೆಯುವ ನಳಕ್ಕೂ ತುರುಕಿ ಬಂದ! ಗಂಡಿನ ಕಡೆಯ ಹಿರಿಯರು ಹೋಳಿಗೆ ತುಪ್ಪದ ಕೈಗಳನ್ನು ಎತ್ತಿ ಹಿಡಿದುಕೊಂಡು ಕಾಲು ಗಂಟೆ ನಿಂತಿದ್ದರು. ಆ ಮದುವೆ ಉಳಿದದ್ದು ದೊಡ್ಡದು.

ಆಮೇಲೆ ದೀಪದ ಸರದಿ. ಹಾವೇರಿಯ ನಮ್ಮ ಮನೆಗೆ ಬಂದರೆ ಸಂಜೆ ನಾವು ಉಣ್ಣುತ್ತ ಕುಳಿತಾಗಲೇ ಗುಂಡಿ ಒತ್ತಿ ಆರಿಸಿಬಿಡುತ್ತಿದ್ದ. ಕತ್ತಲಲ್ಲಿ ಹೇಗೆ ಉಣ್ಣುವುದು ಎಂದು ನನ್ನ ಗಂಡ ಮೆಲ್ಲಗೆ ಕೇಳಿದರೆ, ಹುಟ್ಟಿದಾಗಿನಿಂದ ಬಾಯಿ ಅದೇ ಜಾಗದಲ್ಲಿದೆಯಲ್ಲ, ಇನ್ನೂ ದಾರಿ ಗೊತ್ತಾಗಿಲ್ಲವೇ ಎಂದು ತಿರುಗಿ ಕೇಳಿದ. ನನ್ನ ಗಂಡ ಅಂದಿನಿಂದ ಅವನೆದುರು ಪ್ರಶ್ನೆ ಕೇಳುವುದನ್ನೇ ಬಿಟ್ಟರು.

ಆದರೆ ಕ್ಯಾರಿಬ್ಯಾಗಿನ ವಿಷಯಕ್ಕೆ ಬಂದರೆ ಮಾಮಾನ ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ. ಆಗಿನ ಕಾಲ ನಿಮಗೆ ನೆನಪಿರಬೇಕು. ಚಹಾ ಕೂಡ ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಕೊಡುತ್ತಿದ್ದರು, ಬಿಸಿ ಸಾಂಬಾರೂ ಅದರಲ್ಲೇ. ಮಾಮಾ ಅಂಗಡಿಗೆ ಬಂದ ಹೆಂಗಸರಿಗೆಲ್ಲ ಕುಪ್ಪಸದ ಜೊತೆಗೊಂದು ಬಟ್ಟೆಯ ಚೀಲ ಬಿಟ್ಟಿ ಕೊಡತೊಡಗಿದ. ಎಂಥ ಚೀಲಗಳು! ತಳಕ್ಕೆ ಎರಡು ಹೊಲಿಗೆ, ಹಿಡಿಕೆಗೆ ನಾಲ್ಕು. ಐದು ಕಿಲೋ ಉಳ್ಳಾಗಡ್ಡಿ ತುಂಬಿದರೂ ಹರಿಯುತ್ತಿರಲಿಲ್ಲ. ಒಂದಕ್ಕೆ ಹಸಿರು ಅಂಚು, ಒಂದಕ್ಕೆ ಮಲ್ಲಿಗೆ ಮೊಗ್ಗು, ಒಂದಕ್ಕೆ ಚೌಕುಳಿ. ಬಟ್ಟೆ ಎಲ್ಲಿಯದು ಎಂದು ಯಾರಾದರೂ ಕೇಳಿದರೆ, ಉಳಿದದ್ದು ಎನ್ನುತ್ತಿದ್ದ. ಕುಪ್ಪಸ ಹೊಲಿದು ಉಳಿದ ತುಂಡಿನಲ್ಲಿ ಅಷ್ಟು ದೊಡ್ಡ ಚೀಲ ಹೇಗಾಗುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಬಿಟ್ಟಿ ಬಂದದ್ದರ ಮೂಲ ಯಾರು ಹುಡುಕುತ್ತಾರೆ? ನನಗೂ ನೀಲಿಯ ಮೇಲೆ ಬಿಳಿ ಹೂವಿನದೊಂದು ಬಂತು. ವರ್ಷದ ಖಾರಕ್ಕೆ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತರುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಆ ಚೀಲದಲ್ಲೇ ತಂದೆ.

ನಾನು ಮಾಸ್ತರಿಣಿ. ಹಾವೇರಿಯ ಶಾಲೆಯಲ್ಲಿ ಮಕ್ಕಳಿಂದ ಪರಿಸರ ಸಂರಕ್ಷಣೆಯ ಪ್ರಬಂಧ ಬರೆಸುವವಳು. ಪ್ರಬಂಧಕ್ಕೆ ಎರಡು ಪುಟಕ್ಕಿಂತ ಕಡಿಮೆ ಬರೆದರೆ ಅಂಕ ಕತ್ತರಿಸುವವಳು. ಮನೆಯಲ್ಲಿ ನಳ ಸೋರಿದರೆ ನಾಳೆ ನೋಡೋಣ ಎನ್ನುವವಳೂ ನಾನೇ, ಇರಲಿ. ಒಂದು ವರ್ಷ ಪರಿಸರ ದಿನಕ್ಕೆ ಅತಿಥಿ ಸಿಗಲಿಲ್ಲವೆಂದು ಮಾಮಾನನ್ನೇ ಕರೆಸಿದೆ. ವೇದಿಕೆಯ ಹಿಂದೆ ಥರ್ಮಾಕೋಲಿನ ಅಕ್ಷರ, ಮುಂದೆ ಪ್ಲಾಸ್ಟಿಕ್ಕಿನ ಹೂಕುಂಡ. ಹೆಡ್ ಮಾಸ್ತರರು ನಮ್ಮೂರ ಹೆಮ್ಮೆಯ ಏಲಕ್ಕಿ ಹಾರವನ್ನು ಅದರ ಹೊಳೆಯುವ ಪ್ಲಾಸ್ಟಿಕ್ ಕವರಿನ ಸಮೇತ ಅವನ ಕೊರಳಿಗೆ ಹಾಕಿದರು. ಮಾಮಾ ಕವರು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಹೆಡ್ ಮಾಸ್ತರರ ಕೈಗೇ ಕೊಟ್ಟ. ಹಾರವನ್ನು ಅಡುಗೆಯವಳಿಗೆ ಕೊಟ್ಟು, ಎಲ್ಲರ ಚಹಾಕ್ಕೆ ಹಾಕಲು ಹೇಳಿದ. ಆಮೇಲೆ ಮೈಕಿನ ಮುಂದೆ ನಿಂತು ಅವನು ಮಾಡಿದ ಭಾಷಣ ಇಷ್ಟೇ: “ನೀವು ಕುಡಿಯೋ ನೀರು ಎಲ್ಲಿಂದ ಬರತೈತಿ, ಒಮ್ಮೆ ಹೋಗಿ ನೋಡಿ ಬರ್ರಿ.” ಮರುವರ್ಷದಿಂದ ಅತಿಥಿಯನ್ನು ಕರೆಸುವ ಹೊಣೆ ನನ್ನಿಂದ ತಪ್ಪಿತು.

ಇಲ್ಲಿಯವರೆಗೆ ನಕ್ಕಿರಿ. ನಾವೂ ನಗುತ್ತಿದ್ದೆವು.

ಒಂದು ಸಂತೆಯ ದಿನ ಹಲಗೇರಿಯಿಂದ ಬಂದ ಹೆಣ್ಣುಮಗಳೊಬ್ಬಳು ರಾಣೆಬೆನ್ನೂರಿನ ಕಾಯಿಪಲ್ಲೆ ಸಾಲಿನಲ್ಲಿ, ಗುರುತಿಲ್ಲದ ಇನ್ನೊಬ್ಬಳ ಕೈಯಲ್ಲಿದ್ದ ಮಲ್ಲಿಗೆ ಮೊಗ್ಗಿನ ಚೀಲವನ್ನು ಗಪ್ಪನೆ ಹಿಡಿದುಕೊಂಡಳು. ಅದರ ಮೂಲೆಯಲ್ಲಿ ಕೆಂಪು ದಾರದ ಒಂದು ತೇಪೆ ಇತ್ತು. ಬಿಳಿ ದಾರ ಮುಗಿದಿದ್ದಕ್ಕೆ ಕೆಂಪು ದಾರದಲ್ಲೇ ತನ್ನ ತಾಯಿಯ ಸೀರೆಗೆ ಅವಳು ತನ್ನ ಕೈಯಾರೆ ಹಾಕಿದ್ದ ತೇಪೆ ಅದು. ಚೀಲದ ಒಡತಿ ಕಳ್ಳಿ ಎಂದು ಕೂಗಿದಳು. ಇಬ್ಬರೂ ಜಗ್ಗಾಡಿದರು. ಬದನೆಕಾಯಿ ರಸ್ತೆಯ ತುಂಬ ಉರುಳಿದವು. ಹಲಗೇರಿಯವಳು ಇದು ತನ್ನ ತಾಯಿಯ ಸೀರೆ ಎಂದಾಗ, ಇವಳು ಹಾಗಾದರೆ ನಿನ್ನ ತಾಯಿಯನ್ನೇ ಕರೆದುಕೊಂಡು ಬಾ, ಕೇಳೋಣ ಎಂದಳು.

“ನಮ್ಮವ್ವ ಸತ್ತು ವರ್ಷ ಆತು,” ಎಂದಳು ಹಲಗೇರಿಯವಳು. “ಈ ಸೀರಿ ಹೊಳಿಗೆ ಬಿಟ್ಟಿದ್ವಿ.”

ಸಂತೆಯ ಆ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕೈಯಲ್ಲಿದ್ದ ಚೀಲಗಳನ್ನು ನೋಡಿಕೊಂಡರಂತೆ. ಮಧ್ಯಾಹ್ನದ ಹೊತ್ತಿಗೆ ಮಾಮಾನ ಮನೆಯ ಮುಂದೆ ಜನ ನೆರೆದಿದ್ದರು. ಮಾಮಾ ಸುಳ್ಳು ಹೇಳಲಿಲ್ಲ. ಅದೊಂದು ಬುದ್ಧಿ ಅವನಿಗೆ ಬರಲೇ ಇಲ್ಲ. ವಾರಕ್ಕೊಮ್ಮೆ ಸೈಕಲ್ ಮೇಲೆ ಮೇಡ್ಲೇರಿಗೆ ಹೋಗುವುದು, ದಂಡೆಯ ಜಾಲಿಯ ಬೇರಿಗೆ ಸಿಕ್ಕ ಗಂಟುಗಳನ್ನು ಕೊಕ್ಕೆಕೋಲಿನಿಂದ ಎಳೆಯುವುದು, ಸೋಡಾ ಹಾಕಿ ಎರಡು ಸಲ ಕುದಿಸುವುದು, ಎರಡು ದಿನ ಬಿಸಿಲಿಗೆ ಹಾಕುವುದು, ಇಸ್ತ್ರಿ ಮಾಡಿ ಹೊಲಿಯುವುದು, ಎಲ್ಲವನ್ನೂ ಒಪ್ಪಿಕೊಂಡ. ಜನ ಬಾಯಿಗೆ ಬಂದಂತೆ ಬೈದರು. ಅವನು ಕೊನೆಗೆ ಹೇಳಿದ್ದು ಇಷ್ಟು:

“ಕುದಿಸಿದ ಅರಿವ್ಯಾಗ ಬದನಿಕಾಯಿ ತರಾಕ ಹೇಸತೀರಿ. ಅದ ಅರಿವಿ ಕೊಳತ ನೀರು ನಿಮ್ಮ ನಳದಾಗ ಬರತೈತಲ್ಲ, ಅದನ್ನ ಹೆಂಗ ಕುಡಿತೀರಿ?”

ಇಂಥ ಮಾತಿಗೆ ಯಾರಾದರೂ ಕ್ಷಮಿಸುತ್ತಾರೆಯೇ? ಸಂಜೆಯೊಳಗೆ ಅವನ ಬಾಗಿಲಲ್ಲಿ ಚೀಲಗಳ ರಾಶಿ ಬಿತ್ತು. ಹತ್ತಿರ ಬರಲು ಹೇಸಿದವರು ದೂರದಿಂದ ಎಸೆದು ಹೋದರು. ಅಂದು ರಾಣೆಬೆನ್ನೂರಿನಲ್ಲಿ ತಲೆಗೆ ನೀರು ಹಾಕಿಕೊಳ್ಳದ ಹೆಣ್ಣುಮಕ್ಕಳಿರಲಿಲ್ಲ. ಆ ನೀರೂ ಅದೇ ಹೊಳೆಯದು ಎನ್ನುವುದು ಯಾರ ತಲೆಗೂ ಹೋಗಲಿಲ್ಲ.

ನನ್ನ ತಲೆಗೆ ಹೋಯಿತೆಂದುಕೊಂಡಿರಾ? ಸುದ್ದಿ ಹಾವೇರಿಗೆ ಮುಟ್ಟಿದಾಗ ನಾವು ಆ ಚೀಲದಲ್ಲಿ ತಂದ ಮೆಣಸಿನಕಾಯಿಯ ಖಾರವನ್ನು ಐದು ತಿಂಗಳಿಂದ ತಿನ್ನುತ್ತಿದ್ದೆವು. ಡಬ್ಬಿ ಸಮೇತ ತಿಪ್ಪೆಗೆ ಸುರಿದೆ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಮಾಮಾನ ಎದುರು ನಿಂತೆ. ಅವನು ನೆಲದ ಮೇಲೆ ಕುಳಿತು, ಜನ ಎಸೆದು ಹೋದ ಚೀಲಗಳ ಮಣ್ಣು ಕೊಡವಿ, ಬಣ್ಣ ನೋಡಿ ಬೇರೆ ಬೇರೆ ಜೋಡಿಸುತ್ತಿದ್ದ. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಏರಿತು.

“ಹೆಣದ ಅರಿವಿ ನನ್ನ ಅಡಗಿಮನಿಗೆ ಕಳಿಸಿದೆಲ್ಲ ಮಾಮಾ, ನಿನಗ ಹೇಸಿಕಿ ಅನ್ನೂದು ಇಲ್ಲೇನು?” ಎಂದೆ.

ಅವನು ತಲೆ ಎತ್ತಲಿಲ್ಲ. “ಇತ್ತು ಯವ್ವಾ. ಒಮ್ಮೆ ಹೊಳ್ಯಾಗ ಕೈ ಹಾಕಿದ ಮ್ಯಾಲ ಹೋತು.”

ನೀಲಿ ಚೀಲವನ್ನು ಆ ರಾಶಿಯ ಮೇಲೆ ಎಸೆದು ಬಂದೆ. ನೀರು ಕೂಡ ಕುಡಿಯಲಿಲ್ಲ. ಏಳು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆ ಏಳು ತಿಂಗಳಲ್ಲಿ ಆದದ್ದು ನಾನು ಆಮೇಲೆ ಕೇಳಿ ತಿಳಿದದ್ದು. ಊರು ಅವನಿಗೆ ಹೆಣದ ಟೇಲರ್ ಎಂದು ಹೆಸರಿಟ್ಟಿತು. ಮದುವೆ ಹೆಣ್ಣುಗಳ ಕುಪ್ಪಸಕ್ಕೆಂದು ಕೊಟ್ಟಿದ್ದ ಕಣದ ಬಟ್ಟೆಗಳು ಹೊಲಿಯದೆಯೇ ವಾಪಸ್ಸು ಹೋದವು. ಸತ್ತವರ ಅರಿವೆ ಮುಟ್ಟಿದ ಕೈ ನಮ್ಮ ಅಳತೆಗೆ ಬೇಡ ಎಂದು ಇಪ್ಪತ್ತು ವರ್ಷದ ಗಿರಾಕಿಗಳೂ ಹೊರಳಿ ನೋಡಲಿಲ್ಲ. ದಿನವೆಲ್ಲ ತುಳಿದು ಗಟ್ಟಿಯಾಗಿದ್ದ ಕಾಲುಗಳನ್ನು ಚಾಚಿಕೊಂಡು ಮಾಮಾ ಸುಮ್ಮನೆ ಬಾಗಿಲಲ್ಲಿ ಕುಳಿತಿರುತ್ತಿದ್ದನಂತೆ. ಆದರೆ ವಾರಕ್ಕೊಮ್ಮೆ ಸೈಕಲ್ ಹತ್ತುವುದನ್ನು ಬಿಡಲಿಲ್ಲ. ಹೊಲಿದರೆ ಒಯ್ಯುವವರು ಯಾರೂ ಇಲ್ಲದಿದ್ದರೂ ಹೊಳೆಯಿಂದ ತೆಗೆಯುವುದು ನಡೆದೇ ಇತ್ತು.

ಒಬ್ಬಳು ಮಾತ್ರ ತಿರುಗಿ ಬಂದಳು. ಅದೇ ಹಲಗೇರಿಯವಳು. ಬಾಗಿಲಲ್ಲಿ ಬಹಳ ಹೊತ್ತು ನಿಂತು, ಆ ಚೀಲ ಇನ್ನೂ ಇದೆಯೇ ಎಂದು ಕೇಳಿದಳಂತೆ. ತವರಿನ ಅಣ್ಣಂದಿರು ತಾಯಿಯದೆಲ್ಲವನ್ನೂ ಒಂದೇ ದಿನ ಹೊಳೆಗೆ ಬಿಟ್ಟಿದ್ದರು, ಅವಳ ಪಾಲಿಗೆ ಒಂದು ಎಳೆಯೂ ಉಳಿದಿರಲಿಲ್ಲ. ಮಾಮಾ ಅದನ್ನು ಬೇರೆ ತೆಗೆದಿಟ್ಟಿದ್ದ. ಹೊಲಿಗೆ ಬಿಚ್ಚಿ ಬಟ್ಟೆ ಮಾಡಿ ಕೊಡಲೇ ಎಂದು ಕೇಳಿದ. “ಬ್ಯಾಡ್ರಿ, ಚೀಲನ ಇರಲಿ,” ಅಂದಳಂತೆ ಅವಳು, “ದಿನಾ ಕೈಯಾಗ ಇರತೈತಿ.” ಮುಂದಿನ ವಾರ ತನ್ನ ಕುಪ್ಪಸದ ಕಣ ತಂದು ಅಳತೆ ಕೊಟ್ಟಳು. ಆ ವರ್ಷ ಮಾಮಾ ಹೊಲಿದ ಕುಪ್ಪಸ ಅದೊಂದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಳೆ ಅವನ ಕಾಲು ಹಿಡಿಯಿತು. ನಮ್ಮಲ್ಲಿ ಒಡೆದ ದೇವರ ಪಟವನ್ನೂ ಮನೆಯಲ್ಲಿಡುವುದಿಲ್ಲವಲ್ಲ, ಅದೂ ಹೊಳೆಗೇ! ಅಂಥ ಒಂದು ಪಟದ ಗಾಜು ಕೆಸರಿನಲ್ಲಿ ಅವನ ಎಡ ಅಂಗಾಲನ್ನು ಸೀಳಿತ್ತು. ಸಕ್ಕರೆ ಕಾಯಿಲೆಯ ಮೈ. ಹದಿನೈದು ದಿನ ಅರಿಸಿನ ಮೆತ್ತಿ ಯಾರಿಗೂ ಹೇಳದೆ ಕುಳಿತಿದ್ದ. ಹಲಗೇರಿಯವಳೇ ನನಗೆ ಫೋನ್ ಮಾಡಿಸಿದಳು. ನಾನು ಹೋದಾಗ ಖೋಲಿಯ ಹೊರಗೇ ವಾಸನೆ ಬಡಿಯಿತು. ಏನಾಯಿತು ಎಂದು ಕೇಳಿದರೆ, ದೇವರ ಮೇಲೆ ಕಾಲಿಟ್ಟೆ, ಅದಕ್ಕೆ ಅಂದ. ನಗಬೇಕೆಂದು ಅವನು ನನ್ನ ಮುಖ ನೋಡಿದ. ನನಗೆ ನಗು ಬರಲಿಲ್ಲ.

ದೊಡ್ಡ ಆಸ್ಪತ್ರೆಗೆ ಒಯ್ದೆವು. ಮೊಣಕಾಲಿನ ಕೆಳಗೆ ಕತ್ತರಿಸಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ಏನು ಕೇಳುತ್ತಿದ್ದರು? ನೋವಾಗುತ್ತದೆಯೇ, ಮತ್ತೆ ನಡೆಯುತ್ತೇನೆಯೇ ಎಂದು ಕೇಳುತ್ತಿದ್ದರು. ನಮ್ಮ ಮಾಮಾ ಡಾಕ್ಟರರನ್ನು ಕೇಳಿದ್ದು, ಕತ್ತರಿಸಿದ ಕಾಲನ್ನು ಎಲ್ಲಿ ಎಸೆಯುತ್ತೀರಿ ಎಂದು! “ಹೊಳಿಗಂತೂ ಹಾಕಬ್ಯಾಡ್ರಿ ಸಾಹೇಬ್ರ.” ಡಾಕ್ಟರರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಮನೆಗೆ ಬಂದ ಮೇಲೆ ಅವನ ಚಿಂತೆಯೆಲ್ಲ ಎಡಗಾಲಿನ ಚಪ್ಪಲಿಯದು. ಹೊಸದಾಗಿತ್ತು, ಕೆಡಿಸಬಾರದು. ಬಲಗಾಲು ಹೋಗಿ ಎಡಗಾಲು ಉಳಿದವನೊಬ್ಬನನ್ನು ಹುಡುಕಿಕೊಡು ಎಂದು ಬಂದವರಿಗೆಲ್ಲ ಗಂಟು ಬಿದ್ದ. ಮಾತನಾಡಿಸಲು ಬರುವವರು ಹೇಗೂ ಕಡಿಮೆ, ಆ ಬೇಡಿಕೆ ಕೇಳಿ ಇನ್ನೂ ಕಡಿಮೆಯಾದರು. ನಾನು ರಜೆ ಹಾಕಿ ಅವನ ಹತ್ತಿರ ಉಳಿದೆ. ಆಗಲೇ ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತಿರುವಾಗ, ನನ್ನ ಕೈ ತಡೆದು ಹೇಳಿದ:

“ನನ್ನ ಅರಿವಿ ಹೊಳಿಗೆ ಬಿಡಬ್ಯಾಡ ಯವ್ವಾ. ಇಳಿದು ತಗಿಯಾಕ ಈ ಸಲ ನಾ ಇರೂದಿಲ್ಲ.”

ಆಯಿತು ಎಂದೆ. ಗಂಜಿ ಆರುತ್ತದೆ ಎಂಬ ಅವಸರಕ್ಕೆ ಹೇಳಿದ ಮಾತು ಅದು. ನಿಜವಾಗಿ ನಡೆಸಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ.

ನಾಲ್ಕು ತಿಂಗಳಿಗೆ ಹೋದ. ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು. ಮೂರನೆಯ ದಿನ ನಮ್ಮ ದೊಡ್ಡಪ್ಪ ಟೆಂಪೋ ತರಿಸಿ ನಿಲ್ಲಿಸಿ, ಅವನ ಬಟ್ಟೆ, ಹಾಸಿಗೆ ಎಲ್ಲ ಗಂಟು ಕಟ್ಟಲು ನನಗೇ ಹೇಳಿದರು. ಜನ ಮೊದಲೇ ಆಡಿಕೊಳ್ಳುತ್ತಿದ್ದಾರೆ, ಇದೊಂದಾದರೂ ಪದ್ಧತಿಯಂತೆ ಆಗಲಿ ಎಂದರು. ನನಗೂ ಹಾಗೇ ಅನ್ನಿಸಿತು. ಸತ್ತವನಿಗೆ ಕೊಟ್ಟ ಮಾತನ್ನು ಯಾರು ಕೇಳುತ್ತಾರೆ? ಎರಡು ಧೋತರ, ಮೂರು ಅಂಗಿ, ಒಂದು ಚಾದರ. ಇಷ್ಟೇ ಅವನ ಆಸ್ತಿ. ಕೊನೆಗೆ ದಿಂಬು ಎತ್ತಿಕೊಂಡೆ. ಗವಸಣಿಗೆ ಎಣ್ಣೆಯ ಜಿಡ್ಡು ಹತ್ತಿತ್ತು. ಅದನ್ನು ಎಳೆದು ತೆಗೆದರೆ ಒಳಗೆ ಇನ್ನೊಂದು ಗವಸಣಿ.

ಅದು ಅತ್ತೆಯ ಇಳಕಲ್ ಸೀರೆ. ಹೊಳೆಗೆ ಎಸೆಯಲೆಂದು ನಾನೇ ಗಂಟಿನ ಎಲ್ಲಕ್ಕಿಂತ ಮೇಲೆ ಇಟ್ಟು ಬಿಗಿದಿದ್ದ ಸೀರೆ. ಎಷ್ಟು ಕುದಿಸಿದರೂ ಹೋಗದ ಕೆಸರಿನ ಕಲೆ ಕೆಂಪು ದಡಿಯ ಉದ್ದಕ್ಕೂ ಉಳಿದಿತ್ತು. ಮಾಮಾ ಹೊಳೆಯಲ್ಲಿ ಮೊದಲ ಸಲ ಕೈ ಹಾಕಿದ್ದು ಇದಕ್ಕಾಗಿ. ನಾನು ಅಷ್ಟು ದೂರ ಎಸೆದದ್ದನ್ನು ಹುಡುಕಿಕೊಂಡು ಅವನು ನೀರಿಗೆ ಇಳಿದಿದ್ದ. ಎಸೆದವಳು ನೀನೇ ಎಂದು ಒಮ್ಮೆಯೂ ಹೇಳಲಿಲ್ಲ. ಹೇಸಿಕೆ ಇಲ್ಲವೇ ಎಂದು ನಾನು ಕೂಗಾಡಿದ ದಿನವೂ ಹೇಳಲಿಲ್ಲ. ನನ್ನ ಏಳು ತಿಂಗಳ ಸಿಟ್ಟು ನೆನಪಾಗಿ ಆ ದಿಂಬಿನ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. ಅವನು ಸತ್ತ ದಿನ ಅಷ್ಟು ಅತ್ತಿರಲಿಲ್ಲ.

ದೊಡ್ಡಪ್ಪ ಹೊರಗಿನಿಂದ ಗಂಟು ತಾ ಎಂದು ಕೂಗಿದರು.

“ಬರೂದಿಲ್ಲ ದೊಡ್ಡಪ್ಪ,” ಎಂದೆ. “ಟೆಂಪೋ ಕಳಿಸಿಬಿಡ್ರಿ.”

ಮನೆತನಕ್ಕೇ ಹುಚ್ಚು ಅಂಟಿದೆ ಎಂದು ಬೈದು ಅವರು ಅದೇ ಟೆಂಪೋದಲ್ಲಿ ಊರಿಗೆ ಹೋದರು. ಹೊಳೆಗೆ ಹೋಗಬೇಕಾಗಿದ್ದ ಟೆಂಪೋ ಅವರ ಬಸ್ ಚಾರ್ಜು ಉಳಿಸಿತು. ನಾನು ಮಾಮಾನ ಬಟ್ಟೆಗಳಿಗೆ ಸೋಡಾ ಹಾಕಿ ಎರಡು ಸಲ ಕುದಿಸಿದೆ. ಎರಡು ದಿನ ಬಿಸಿಲಿಗೆ ಹಾಕಿದೆ. ಆಮೇಲೆ ಅವನ ಮಷಿನ್ನಿನ ಮುಂದೆ ಕುಳಿತೆ. ಹೊಲಿಗೆ ನನಗೆ ಬರುವುದಿಲ್ಲ. ಮೂರು ಸೂಜಿ ಮುರಿದವು. ಅವನ ಕಂದು ಅಂಗಿಯಲ್ಲಿ ಒಂದು ಚೀಲವಾಯಿತು, ಸೊಟ್ಟ. ಎದೆಯ ಮೇಲಿನ ಕಿಸೆ ಬಿಚ್ಚಲು ಮನಸ್ಸಾಗಲಿಲ್ಲ, ಹಾಗೆಯೇ ಬಿಟ್ಟೆ.

ಆ ವರ್ಷ ಖಾರಕ್ಕೆ ಬ್ಯಾಡಗಿಗೆ ಅದನ್ನೇ ಒಯ್ದೆ. ನಾನು ಯಾವಾಗಲೂ ಹೋಗುವ ಅಂಗಡಿಯ ಸಾಬರು ಮೆಣಸಿನಕಾಯಿ ತೂಗಿ, ದೊಡ್ಡ ಕ್ಯಾರಿಬ್ಯಾಗಿಗೆ ಕೈ ಹಾಕಿದರು. ಬೇಡವೆಂದು ಚೀಲ ಚಾಚಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಚೀಲಕ್ಕ ಕಿಸೆ ಇಟ್ಟಾರಲ್ರಿ ಅಕ್ಕಾರ. ಯಾವ ಟೇಲರ್ ಹೊಲದದ್ದು?”

“ಹೊಲದಾಕಿ ನಾನರಿ. ಅಂಗಿ ನಮ್ಮ ಮಾಮಾಂದು. ತೀರಿಕೊಂಡಾನ.”

ಸಾಬರ ಕೈ ನಿಂತಿತು. ಈಗ ಇದನ್ನು ಎಸೆಯುತ್ತಾರೆ, ಕೈ ತೊಳೆಯಲು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಒಂದು ಗಳಿಗೆ ಆ ಕಿಸೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಎರಡೂ ಕೈಯಿಂದ ಚೀಲದ ಬಾಯಿಯನ್ನು ಅಗಲವಾಗಿ ಹಿಡಿದು, ಒಂದು ಕಾಯಿಯೂ ಹೊರಗೆ ಚೆಲ್ಲದ ಹಾಗೆ, ನಿಧಾನವಾಗಿ ಮೆಣಸಿನಕಾಯಿ ತುಂಬಿದರು.